ವಾಪಸ್ಸು ಬಂದ ಹಲ್ಲುಸೆಟ್ಟು

ನಾನು ಹಲ್ಲು ಮಾಡೋಳು. ಕಟ್ಟುಹಲ್ಲು. ಯಾರದೋ ಬಾಯಿಯ ಅಚ್ಚು ಡಬ್ಬಿಯಲ್ಲಿ ಬರುತ್ತೆ. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಒಸಡು ಎರೆದು, ಉಜ್ಜಿ, ಅದೇ ಡಬ್ಬಿಯಲ್ಲಿ ಡಾಕ್ಟರಿಗೆ ಕಳಿಸ್ತೀನಿ. ಇಷ್ಟು ವರ್ಷದಲ್ಲಿ ಒಂದು ಬಾಯನ್ನೂ ಕಣ್ಣಾರೆ ಕಂಡೋಳಲ್ಲ. ನಮ್ಮ ಲ್ಯಾಬು ಅಂದ್ರೆ ಹಿಂದಿನ ಬೀದಿಯ ಎರಡು ಕೋಣೆ, ಮೂಗು ತುಂಬ ಬಿಳಿ ಧೂಳು, ಹಗಲಲ್ಲೂ ಉರಿಯೋ ಟ್ಯೂಬ್‌ಲೈಟು.

ಇಂಥ ಜಾಗದಲ್ಲಿ ನಮ್ಮ ಮಾಲೀಕರಿಗೆ ಸಂತೋಷದ ಹುಚ್ಚು ಹಿಡೀತು. ಎಲ್ಲೋ ಭಾಷಣ ಕೇಳಿ ಬಂದರಂತೆ. ಧೂಳೆಳೆಯೋ ಫ್ಯಾನ್ ಹಾಕಿಸಿ ಅಂತ ನಾವು ಬಾಯಿ ನೋಯೋವರೆಗೂ ಕೇಳಿದ್ವಿ, ಬಂದಿದ್ದು ಒಂದು ಬಿಳಿ ಬೋರ್ಡು. ದಿನಾ ಸಂಜೆ ಅದರ ಮೇಲೆ ‘ಇವತ್ತು ಕೆಲಸದಲ್ಲಿ ನನಗೆ ಖುಷಿ ಕೊಟ್ಟಿದ್ದು’ ಅಂತ ಎಲ್ಲರೂ ಬರೀಬೇಕು. ಪಾಲಿಶ್ ಮಾಡೋ ಅಣ್ಣ ‘ಊಟದ ಡಬ್ಬಿ’ ಅಂತ ಬರೀತಿದ್ದ. ನಾನು ‘ಆರು ಗಂಟೆ’ ಅಂತ ಬರೀತಿದ್ದೆ. ಮಾಲೀಕರು ಅದನ್ನ ಒರೆಸಿ, “ಸ್ವಲ್ಪ ಮನಸ್ಸಿಟ್ಟು ಯೋಚನೆ ಮಾಡಮ್ಮ” ಅನ್ನೋರು. ನಾನು ಮನಸ್ಸಿಟ್ಟು ಯೋಚನೆ ಮಾಡಿ, ಈ ಕೆಲಸ ಬಿಟ್ಟು ಭಾವನ ಬಟ್ಟೆ ಅಂಗಡಿಗೆ ಬರ್ತೀನಿ ಅಂತ ಅಕ್ಕನಿಗೆ ಹೇಳಿಬಿಟ್ಟೆ. ಬಟ್ಟೆ ಕೊಂಡೋರ ಮುಖನಾದ್ರೂ ಕಾಣುತ್ತಲ್ಲ.

ಅಷ್ಟರಲ್ಲಿ ಒಂದು ಸೆಟ್ಟು ವಾಪಸ್ಸು ಬಂತು. ‘ಸರಿಯಿಲ್ಲ’ ಅಂತ ಚೀಟಿ. ಎಲ್ಲಿ ಸರಿಯಿಲ್ಲ, ಏನು ಸರಿಯಿಲ್ಲ, ಏನೂ ಇಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ಕೂದಲೆಳೆಯಷ್ಟೂ ಓರೆ ಇಲ್ಲ. ಸುಮ್ಮನೆ ಇನ್ನೊಂದು ಸಲ ಉಜ್ಜಿ ಕಳಿಸಿದೆ. ಮತ್ತೆ ಬಂತು. ತಲೆ ಚಿಟ್ಟು ಹಿಡಿದುಹೋಯ್ತು. ಯಾವ ಮಹಾರಾಣಿದಪ್ಪ ಈ ಬಾಯಿ ಅಂತ ಬೈಕೊಂಡು ಇನ್ನೂ ಒಂದು ಸಲ ಕಳಿಸಿದೆ.

ಈ ಸಲ ಮಹಾರಾಣಿಯೇ ಬಂದಳು. ಸಣಕಲು ಅಜ್ಜಿ. ಡಾಕ್ಟರ ಆಸ್ಪತ್ರೆಯ ಹುಡುಗಿ ಬೇಸತ್ತು ನಮ್ಮ ವಿಳಾಸ ಕೊಟ್ಟು ಸಾಗಹಾಕಿದ್ದಳು. ಅಜ್ಜಿ ಸ್ಟೂಲಿನ ಮೇಲೆ ಕೂತು, ಕರವಸ್ತ್ರದಿಂದ ಸೆಟ್ಟು ತೆಗೆದು ಬಾಯಿಗೆ ಹಾಕಿಕೊಂಡಳು.

“ಎಲ್ಲಿ ಒತ್ತುತ್ತೆ?” ಅಂದೆ.

“ಎಲ್ಲೂ ಒತ್ತಲ್ಲ.”

“ಅಗಿಯಕ್ಕಾಗಲ್ವಾ?”

“ಚೆನ್ನಾಗೇ ಅಗೀತೀನಿ.”

“ಮತ್ತೆ ನಿಮ್ಮ ಗೋಳೇನು ಅಜ್ಜಿ? ಯಾಕೆ ನನ್ನ ಪ್ರಾಣ ಹಿಂಡ್ತೀರಿ?”

“ನಮ್ಮನೆಯವರಿಗೆ ಕಣ್ಣು ಕಾಣಲ್ಲ ಕಣಮ್ಮ. ಈಗೀಗ ಮರೆವೂ ಜಾಸ್ತಿ. ನನ್ನ ದನಿ ಒಂದನ್ನೇ ಹಿಡ್ಕೊಂಡಿದ್ರು. ಇದನ್ನ ಹಾಕ್ಕೊಂಡು ಮಾತಾಡಿದ್ರೆ ‘ಯಾರಮ್ಮ ನೀವು’ ಅಂತಾರೆ. ನಾನೇ ಕಣ್ರೀ ಅಂದ್ರೂ ಕೈ ಎಳ್ಕೋತಾರೆ. ಹಲ್ಲಿಲ್ಲದೆ ಮಾತಾಡಿದ್ರೆ ಅವರಿಗೆ ಏನೂ ಅರ್ಥ ಆಗಲ್ಲ. ಇವತ್ತೂ ಬಾಯಿ ಮುಚ್ಕೊಂಡೇ ಕೈ ಹಿಡಿದು ಕರ್ಕೊಂಡು ಬಂದೆ. ಹೊರಗೆ ಮೆಟ್ಟಿಲ ಮೇಲೆ ಕೂತಿದಾರೆ.”

ನಾನು ಸ್ಟೂಲು ಎಳ್ಕೊಂಡು ಅವಳೆದುರು ಕೂತೆ.

“ಮೊದಲು ನಿಮ್ಮ ಹಲ್ಲು ಹೇಗಿತ್ತು?”

“ಮುಂದಿನ ಎರಡರ ನಡುವೆ ಸಂದಿತ್ತು. ಮಾತಾಡಿದ್ರೆ ಸಣ್ಣಗೆ ಸೀಟಿ ಬರ್ತಿತ್ತು. ಡಾಕ್ಟರಿಗೆ ಹೇಳ್ದೆ. ಈ ಹಲ್ಲು ಎಷ್ಟು ಚಂದ ಇದೆ, ಅಭ್ಯಾಸ ಆಗುತ್ತೆ ಅಂದ್ರು.”

ನನಗೆ ಮೈಯೆಲ್ಲ ಉರೀತು. ಡಾಕ್ಟರ ಮೇಲೆ, ಆ ಚೀಟಿ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ. ಗೋಡೆ ಕಟ್ಟಿದ ಹಾಗೆ ಹಲ್ಲು ಕಟ್ಟಿ, ಆ ಮುದುಕಿಯನ್ನ ಅದರಾಚೆ ನಿಲ್ಲಿಸಿಬಿಟ್ಟಿದ್ದೆ.

ಸೆಟ್ಟು ಬಿಚ್ಚಿಸಿಕೊಂಡು, ತೆಳು ಗರಗಸ ತಗೊಂಡು ಮುಂದಿನ ಎರಡು ಹಲ್ಲಿನ ನಡುವೆ ಇಟ್ಟೆ. ಮಾಲೀಕರು ಓಡಿ ಬಂದರು. “ನಮ್ಮ ಲ್ಯಾಬಿಂದ ಸಂದಿರೋ ಸೆಟ್ಟು ಹೋಗಬಾರದು. ಹೆಸರು ಕೆಡುತ್ತೆ.”

“ಇದರ ಮೇಲೆ ನಿಮ್ಮ ಹೆಸರು ಕೆತ್ತಿಲ್ಲ ಸಾರ್. ದಾರಿ ಬಿಡಿ, ಬೆಳಕು ಬೀಳ್ತಿಲ್ಲ” ಅಂದೆ. ಮುಖ ಊದಿಸ್ಕೊಂಡು ಬೋರ್ಡಿನ ಹತ್ತಿರ ಹೋಗಿ ನಿಂತರು.

ಜಾಸ್ತಿ ಕೊಯ್ದರೆ ಮತ್ತೆ ಕೂಡಿಸಕ್ಕಾಗಲ್ಲ, ಸೆಟ್ಟೇ ಹಾಳು. ಸ್ವಲ್ಪ ಕೊಯ್ದು ಕೊಟ್ಟೆ. “ಹಿಂಗಿತ್ತಾ ನೋಡಿ.”

“ನನ್ನ ದನಿ ನನಗೇನಮ್ಮ ಗೊತ್ತು? ಕೇಳಿದೋರು ಅವರು” ಅಂತ ಅಜ್ಜಿ ಎದ್ದು ಬಾಗಿಲಿಗೆ ಹೋದಳು. ನಾನೂ ಹಿಂದೆ ಹೋದೆ. ತಾತ ಕೋಲು ಹಿಡಿದು ಬಿಸಿಲಿಗೆ ಮುಖ ಕೊಟ್ಟು ಕೂತಿದ್ದ.

“ರೀ, ಸಾಕಾಯ್ತಾ ಕೂತು?”

ತಾತ ನೆಟ್ಟಗಾದ. “ಯಾರಮ್ಮ? ನಮ್ಮವಳು ಎಲ್ಲೋ ಹೋಗಿದಾಳೆ” ಅಂದ, ಬಹಳ ಮರ್ಯಾದೆಯಿಂದ.

ಅಜ್ಜಿ ಸೆಟ್ಟು ತೆಗೆದು ನನ್ನ ಕೈಗಿಟ್ಟಳು. ಇದೊಂದು ಕರ್ಮ ಅಂತ ಹಲ್ಲು ಕಚ್ಚಿಕೊಂಡು ಮತ್ತೆ ಕೊಯ್ದೆ. ಅಂಚು ತಿದ್ದಿದೆ, ತೊಳೆದು ಕೊಟ್ಟೆ.

ಅಜ್ಜಿ ಹೊಸ್ತಿಲ ಮೇಲೆ ನಿಂತಳು. “ರೀ, ಬಿಸಿಲು ಸುಡ್ತಿದೆ. ಸ್ವಲ್ಪ ಈಚೆ ಸರೀರಿ.”

ಒಂದೊಂದು ಮಾತಿನ ತುದಿಗೂ ಸಣ್ಣ ಸೀಟಿ. ತಾತನ ಕೋಲು ಕೈಯಿಂದ ಜಾರಿ ಮೆಟ್ಟಿಲಿಳಿದು ಹೋಯ್ತು. ಅವನು ಅದನ್ನ ತಡಕಲೂ ಇಲ್ಲ.

“ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?” ಅಂತ ರೇಗಿದ. “ಮನೇಲಿ ಯಾರೋ ಹೆಂಗಸು ಬಂದು ಕೂತ್ಬಿಟ್ಟಿದ್ಲು. ಹೋಗಿ ಅನ್ನಕ್ಕೂ ಆಗ್ದೆ ಎಷ್ಟು ಒದ್ದಾಡಿದೀನಿ ಗೊತ್ತಾ?”

“ಬಂದೆ ಅಲ್ವಾ, ಸುಮ್ನಿರಿ” ಅಂತ ಅಜ್ಜಿ ಪಕ್ಕ ಕೂತು ಅವನ ಕೈ ಹಿಡಿದಳು. ಅವನು ಎಳೆದುಕೊಳ್ಳಲಿಲ್ಲ.

ನಾನು ಒಳಗೆ ಬಂದೆ. ಕಣ್ಣಿಗೆ ಧೂಳು ಬಿದ್ದಿತ್ತು ಅಂತ ಸುಳ್ಳು ಹೇಳಲ್ಲ, ಅಳು ಬಂದಿತ್ತು. ಮಾಲೀಕರು ಪೆನ್ನು ಮುಂದೆ ಹಿಡಿದರು. “ಇವತ್ತಾದ್ರೂ ಬರಿಯಮ್ಮ.”

“ಮೊದಲು ಫ್ಯಾನ್ ಹಾಕಿಸಿ” ಅಂದು ಮುಂದಿನ ಡಬ್ಬಿ ಎಳಕೊಂಡೆ. ಅಂಗಡಿಗೆ ಬರಲ್ಲ ಅಂದ್ರೆ ಅಕ್ಕ ಕುಣಿದಾಡ್ತಾಳೆ, ಕುಣೀಲಿ. ಡಬ್ಬಿ ಮೇಲೆ ಬರೀ ನಂಬರಿತ್ತು. ಆಸ್ಪತ್ರೆಯ ಹುಡುಗಿಗೆ ಫೋನ್ ಹಚ್ಚಿದೆ.

“ಈ ನಂಬರಿನವರು ಮೊದಲು ಹೇಗೆ ಮಾತಾಡ್ತಿದ್ರು, ಹೇಗೆ ನಗ್ತಿದ್ರು, ಸ್ವಲ್ಪ ಮನೆಯವರನ್ನ ಕೇಳಿ ಹೇಳಮ್ಮ.”

“ಅಕ್ಕ, ನಿಮಗೆ ತಲೆ ಕೆಟ್ಟಿದೆಯಾ?”

“ಕೆಟ್ಟಿದೆ. ಕೇಳಿ ಹೇಳು, ಕಾಯ್ತಿರ್ತೀನಿ” ಅಂದೆ.