ಮಾಸ್ತರರು ಹಾಡಿದ್ದು ‘ಕಡಿದೆ’ ಎಂದೇ

ಅನಸವ್ವ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಸೋಮವಾರ ಸಂಜೆ ಭಜನೆ ಮೇಳದ ಹಿಂದಿನ ಸಾಲಿನಲ್ಲಿ ಕೂತು ಹಾಡುತ್ತಿದ್ದಳು. ಮೇಳ ಕಟ್ಟಿದ, ತಾವೂ ನೇಕಾರರಾಗಿದ್ದ ಮಲ್ಲಿನಾಥ ಮಾಸ್ತರರು ತೀರಿಕೊಂಡು ಹತ್ತು ವರ್ಷವಾಗಿತ್ತು. ಅವರು ತಾವೇ ಕಟ್ಟಿ ಹಾಡಿದ ಪದಗಳ ಕ್ಯಾಸೆಟ್ಟನ್ನು ಯಾರೋ ಫೋನಿಗೆ ಇಳಿಸಿ ಎಲ್ಲರಿಗೂ ಹಂಚಿದ್ದರು.

ಅದರಲ್ಲೊಂದು ಸಾಲನ್ನು ಮೇಳದವರು “ಎಳೆಯ ಹಿಡಿದೆ ಗುರುವೆ” ಎಂದು ಹಾಡುತ್ತಿದ್ದರು. ಅನಸವ್ವನಿಗೆ ಅಲ್ಲಿ ಬೇರೇನೋ ಇದೆ ಎಂಬ ಗುಮಾನಿ. ಫೋನಿನಲ್ಲಿ ಕೇಳಿದರೆ ಸರಿಯಾಗಿ ಆ ಜಾಗದಲ್ಲೇ ಹಾರ್ಮೋನಿಯಂ ಮೇಲೇರಿ ಮಾತು ಮುಚ್ಚಿಹೋಗುತ್ತಿತ್ತು. ಈ ಗುಮಾನಿ ಹೇಳಿದ್ದಕ್ಕೆ, ಮೇಳದ ಹಿರಿಯನೂ ಹಾರ್ಮೋನಿಯಂ ನುಡಿಸುವವನೂ ಆದ ಹಾಲಸಿದ್ದಪ್ಪ ಎಲ್ಲರೆದುರು ನಕ್ಕ.

“ಮಗ್ಗದ ಸಪ್ಪಳಕ್ಕ ನಿನ್ನ ಕಿವಿ ಹೋಗ್ಯಾವ ಬೇ. ಹಿಂದ ಕುಂತು ಹಾಡು, ಸಾಕು.”

ಆ ಮಾತು ಚುಚ್ಚಿತು. ಅದೇ ಸಪ್ಪಳದ ನಡುವೆ ಯಾವ ಮಗ್ಗದ ಲಾಳಿ ತಪ್ಪಿ ಓಡುತ್ತಿದೆ ಎಂದು ತಲೆಯೆತ್ತದೆ ಹೇಳುವವಳು ಅವಳು.

ರಜೆಯ ದಿನ ಜಮಖಂಡಿಗೆ ಹೋದಳು. ಅಲ್ಲಿ ಮೈಕ್ ಸೆಟ್ ರಿಪೇರಿ ಮಾಡುವ ವಿಜಯ, ಫೋನಿನ ಚಾರ್ಜಿಂಗ್ ತೂತಿಗೆ ಸಿಕ್ಕಿಸುವ ಬೆರಳುದ್ದದ ಡಬ್ಬಿಯೊಂದನ್ನು ತೋರಿಸಿದ. ಅದರ ಹೆಸರು ಡ್ಯಾಕ್. ಫೋನಿನೊಳಗೆ ಅಂಕಿಗಳಾಗಿ ಕೂತ ಹಾಡನ್ನು ಸ್ವಚ್ಛ ದನಿಯಾಗಿಸಿ ಹೆಡ್‌ಫೋನಿಗೆ ಕೊಡುತ್ತದೆ ಎಂದ. ಆದರೆ ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಸವೆದ ಹಾಡಿಗೆ ಯಾವ ಡಬ್ಬಿಯೂ ಜೀವ ತುಂಬಲಾರದು ಎಂದೂ ಎಚ್ಚರಿಸಿದ. ಅನಸವ್ವ ಚೀಲದಿಂದ ಮೂಲ ಕ್ಯಾಸೆಟ್ಟನ್ನೇ ತೆಗೆದಿಟ್ಟಳು. ಮಾಸ್ತರರ ಹೆಂಡತಿಯನ್ನು ಕೇಳಿ ತಂದಿದ್ದಳು. ವಿಜಯ ಅದನ್ನು ಫೈಲು ಕುಗ್ಗಿಸದೆ ಹೊಸದಾಗಿ ಫೋನಿಗೆ ಇಳಿಸಿದ.

ಅಂಗಡಿಯ ಸ್ಟೂಲಿನ ಮೇಲೆ ಕೂತು, ಡಬ್ಬಿ ಸಿಕ್ಕಿಸಿ ಹೆಡ್‌ಫೋನ್ ಹಾಕಿದಳು. ಮಾಸ್ತರರು ಉಸಿರೆಳೆದುಕೊಂಡದ್ದೂ ಕೇಳಿಸಿತು. ಹಾರ್ಮೋನಿಯಂ ಹಿಂದೆ ಸರಿದಂತಾಗಿ ಮಾತು ನಿಚ್ಚಳವಾಯಿತು. “ಎಳೆಯ ಕಡಿದೆ ಗುರುವೆ.” ಐದು ಸಲ ಕೇಳಿದಳು. ಐದು ಸಲವೂ ಕಡಿದೆ.

ಸೋಮವಾರ, ಕೊಂಡು ತಂದ ಹೆಡ್‌ಫೋನನ್ನು ಹಾಲಸಿದ್ದಪ್ಪನ ಮುಂದೆ ಹಿಡಿದಳು. ಅವನು ಮುಟ್ಟಲೂ ಇಲ್ಲ. ನೇಕಾರನಾದವನು ಎಳೆ ಕಡಿದೆ ಎಂದು ಹಾಡುತ್ತಾನೆಯೇ, ಅದು ಅಪಶಕುನ ಎಂದ.

“ಕಡೀದಿದ್ರ ನೇಯ್ದ ಸೀರಿ ಮಗ್ಗದಿಂದ ಹೆಂಗ ಇಳೀತೈತ್ರಿ?” ಅನಸವ್ವ ದನಿ ಏರಿಸದೆ ಕೇಳಿದಳು. “ಮಾಸ್ತರು ಹಾಡಿದ್ದನ್ನ ನಾ ಹಾಡಾಕಿ. ನಿಮಗ ಬ್ಯಾಡಾಗಿದ್ರ ಪೇಟಿ ಮುಚ್ಚರಿ.”

ಅವನು ಹಾರ್ಮೋನಿಯಂ ಮುಚ್ಚಿಯೇಬಿಟ್ಟ. ಅನಸವ್ವ ಎದ್ದು ಮುಂದೆ ಬಂದು ಕೂತಳು. ಬರಿಯ ದನಿಯಲ್ಲಿ ಪದ ಎತ್ತಿಕೊಂಡಳು. ತಬಲಾದ ಗೌರೀಶ ಒಮ್ಮೆ ಹಾಲಸಿದ್ದಪ್ಪನ ಮುಖ ನೋಡಿ, ಆಮೇಲೆ ಅವಳ ಕಡೆ ತಿರುಗಿ ತಾಳ ಹಿಡಿದ. ಆ ಸಾಲು ಬಂದಾಗ ಹಿಂದಿದ್ದ ಹೆಂಗಸರೂ ಕಡಿದೆ ಎಂದರು.

ಹಾಲಸಿದ್ದಪ್ಪ ಇವತ್ತಿಗೂ ಒಪ್ಪಿಲ್ಲ. ಮತ್ತೆ ಹಾರ್ಮೋನಿಯಂ ನುಡಿಸುತ್ತಾನೆ, ಆ ಸಾಲು ಬಂದಾಗ ಹಿಡಿದೆ ಎಂದು ಒಬ್ಬನೇ ಹಾಡುತ್ತಾನೆ. ಅನಸವ್ವ ಈಗ ಕ್ಯಾಸೆಟ್ಟಿನ ಎರಡನೆಯ ಬದಿ ಕೇಳುತ್ತಿದ್ದಾಳೆ. ಅಲ್ಲಿ ಇನ್ನೂ ಮೂರು ಮಾತುಗಳ ಮೇಲೆ ಅವಳ ತಕರಾರಿದೆ.