ಎಲೆಯ ಮೇಲಿನ ಕಪ್ಪು

ಕರಿಮೆಣಸು ಎಂದರೆ ಮರಕ್ಕೆ ಹಬ್ಬುವ ಬಳ್ಳಿ ಎಂದೇ ಎಲ್ಲರೂ ತಿಳಿದಿದ್ದಾರೆ. ನಾನೂ ಅಕ್ಕನೂ ಕೆಲಸಕ್ಕೆ ಹೋಗುವ ನರ್ಸರಿಯಲ್ಲಿ ಅದನ್ನು ಪೊದೆ ಮಾಡುತ್ತೇವೆ. ಮಂತ್ರವೂ ಇಲ್ಲ, ಮಾಯವೂ ಇಲ್ಲ. ಮೇಲಕ್ಕೆ ಹತ್ತುವ ಕುಡಿಯನ್ನು ಬಿಟ್ಟು, ಕಾಯಿ ಬಿಡುವ ಅಡ್ಡರೆಂಬೆಯನ್ನು ಕತ್ತರಿಸಿ ನೆಡಬೇಕು, ಅಷ್ಟೇ. ಅದು ಸೊಂಟದೆತ್ತರಕ್ಕೆ ನಿಂತು ಕುಂಡದಲ್ಲೇ ಕಾಯಿ ಬಿಡುತ್ತದೆ. ಏಣಿ ಹತ್ತಿ ಬೀಳುವ ಭಯವಿಲ್ಲ. ಅಡುಗೆಗೋ ಕೆಮ್ಮಿನ ಕಷಾಯಕ್ಕೋ ಬೇಕೆಂದರೆ ಬಾಗಿಲಾಚೆ ಕೈ ಚಾಚಿದರಾಯಿತು. ತಪ್ಪಿ ಹತ್ತುವ ಕುಡಿ ನೆಟ್ಟರೆ ಮಾತ್ರ ಬಳ್ಳಿಯೇ ಬರುತ್ತದೆ. ಅದು ಗೊತ್ತಾಗುವುದು ತಿಂಗಳುಗಳಾದ ಮೇಲೆ, ಕೊಂಡವರು ಬಂದು ಬಾಯಿಗೆ ಬಂದಂತೆ ಬೈದಾಗ.

ಅಕ್ಕನ ಕೈಯಲ್ಲಿ ಇಪ್ಪತ್ತು ವರ್ಷದಲ್ಲಿ ಒಂದೂ ಹಾಗೆ ತಪ್ಪಿರಲಿಲ್ಲ. ಹತ್ತುವ ಕುಡಿಯ ಗೆಣ್ಣಿನಲ್ಲಿ ಗಿಡ್ಡ ಬೇರುಗಳಿರುತ್ತವೆ, ಅಡ್ಡರೆಂಬೆಯಲ್ಲಿ ಇರುವುದಿಲ್ಲ. ಅವಳು ಬೆರಳಿಂದ ಸವರಿಯೇ ಹೇಳಿಬಿಡುತ್ತಿದ್ದಳು. ಆದ್ದರಿಂದಲೇ ಅವಳ ಕಣ್ಣು ಹೋಗಿ ಎರಡು ವರ್ಷವಾದರೂ ನನ್ನೊಬ್ಬಳನ್ನು ಬಿಟ್ಟು ಯಾರಿಗೂ ತಿಳಿಯಲಿಲ್ಲ. ನರ ಒಣಗಿದೆ, ಆಪರೇಷನ್ನಿಗೂ ಬರುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಕಾಣದವಳ ಕೈಗೆ ಯಾರು ತಾನೇ ಚಾಕು ಕೊಡುತ್ತಾರೆ? ಕಡ್ಡಿ ಕತ್ತರಿಸುವ ಆ ಮೇಜು ಹೋದರೆ ಅಕ್ಕನಿಗೆ ಉಳಿಯುವುದು ಏನೂ ಇರಲಿಲ್ಲ. ಭಾವ ತೀರಿಕೊಂಡಾಗಲೂ ವಾರ ತುಂಬುವ ಮೊದಲೇ ಬಂದು ಅಲ್ಲಿ ಕೂತವಳು ಅವಳು.

ಬೆರಳಿಗೆ ಸಿಗದ್ದು ಒಂದೇ: ಸೊರಗು ರೋಗದ ಕಪ್ಪು ಚುಕ್ಕೆ. ಅದನ್ನು ಕಣ್ಣೇ ನೋಡಬೇಕು. ಹಾಗಾಗಿ ನಾನು ಬೆಳಗ್ಗೆ ಎಲ್ಲರಿಗಿಂತ ಮುಂಚೆ, ಕಡ್ಡಿಗೆಂದು ಬೆಳೆಸಿದ ತಾಯಿಗಿಡಗಳ ಸಾಲಿನಲ್ಲಿ ನಡೆದು, ಎಲೆಗಳನ್ನು ತಿರುವಿ ನೋಡಿ, ಯಾವ ಗಿಡ ಮುಟ್ಟಬಾರದು ಎಂದು ಅವಳ ಕಿವಿಯಲ್ಲಿ ಹೇಳುತ್ತಿದ್ದೆ.

ಒಂದು ದಿನ ಯಜಮಾನಮ್ಮ ಎಲ್ಲರ ಮುಂದೆ, "ನೀನೂ ನಿಮ್ಮಕ್ಕನ ಹತ್ರ ಸ್ವಲ್ಪ ಕೆಲಸ ಕಲಿಯೇ" ಎಂದರು. ಅಕ್ಕ ಸುಮ್ಮನಿರಬಹುದಿತ್ತು.

"ಇವಳಾ? ಇವಳ ಕೈಗೆ ಹಾಲೂ ಹೆಪ್ಪಾಗಲ್ಲಮ್ಮ" ಎಂದು ನಕ್ಕಳು. ಎಲ್ಲರೂ ನಕ್ಕರು. ನನ್ನ ಮೈ ಉರಿದುಹೋಯಿತು.

ಮರುದಿನ ಬೆಳಗ್ಗೆ ಅವಳು ಮೆಲ್ಲಗೆ, "ಯಾವ್ದು ಬೇಡ, ಹೇಳೇ" ಎಂದಳು.

"ನೀನೇ ನೋಡ್ಕೋ ಹೋಗು. ನಾನು ಕೆಲಸ ಬರದೋಳಲ್ವಾ?"

ಬೇಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಎಲ್ಲಿಯ ಮಾತು! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಟದಲ್ಲಿ ಯಾರು ಕಡಿಮೆ? ಸೀದಾ ನಡೆದುಹೋಗಿ ಸಂಜೆಯವರೆಗೆ ಆರುನೂರು ಕಡ್ಡಿ ಕತ್ತರಿಸಿದಳು. ಕೋಪದಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಾರದು ಅನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗನ್ನಲ್ಲ.

ಮೂರನೇ ವಾರಕ್ಕೆ ಆ ಕಡ್ಡಿಗಳು ಕಪ್ಪಾಗಿ ಕುಸಿದವು. ನೀರು ಹಾಕುವಾಗ ಸಿಡಿದ ಹನಿಯಿಂದ ರೋಗ ಪಕ್ಕದ ಕುಂಡಗಳಿಗೂ ಹತ್ತಿತು. ಅರ್ಧ ನರ್ಸರಿಯನ್ನು ಬೇರು ಸಮೇತ ಕಿತ್ತು ಸುಟ್ಟೆವು. ಹಸಿ ಎಲೆಯ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಯಜಮಾನಮ್ಮ ಉಳಿದಿದ್ದ ತಾಯಿಗಿಡದ ಎಲೆಯೊಂದನ್ನು ಕಿತ್ತು ತಂದು ಅಕ್ಕನ ಕೈಗಿಟ್ಟರು.

"ಏನಿದೆ ಇದ್ರಲ್ಲಿ, ನೋಡಿ ಹೇಳಿ."

ಅಕ್ಕ ಬೆರಳಾಡಿಸಿದಳು. "ಒಳ್ಳೇ ಎಲೆ ಅಮ್ಮ. ಚೆನ್ನಾಗಿ ಬಲಿತಿದೆ. ಯಾಕೆ?"

ಎಲೆಯ ನಡುವೆ ಕಾಸಗಲ ಕಪ್ಪಿತ್ತು. ಯಜಮಾನಮ್ಮ ಅವಳ ಮುಖದ ಮುಂದೆ ಕೈಯಾಡಿಸಿ ನೋಡಿ, ನನ್ನ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತಾ?"

ಹೂಂ ಅಂದರೆ ನನ್ನ ಕೆಲಸವೂ ಹೋಗುತ್ತಿತ್ತು. ಮನೆಯಲ್ಲಿ ದುಡಿಯುವವರು ನಾವಿಬ್ಬರೇ. ಆದರೆ ಇದೆಲ್ಲ ನಾನು ಆಮೇಲೆ ಹುಡುಕಿಕೊಂಡ ನೆಪ. ಆಗ ಬರೀ ಹೆದರಿಕೆ ಇತ್ತು.

"ಇಲ್ಲಮ್ಮ" ಎಂದೆ. "ನನಗೇನೂ ಗೊತ್ತಿರ್ಲಿಲ್ಲ."

ಅಕ್ಕ ನನ್ನ ದನಿ ಬಂದ ಕಡೆ ಮುಖ ಮಾಡಿದಳು. "ಅವಳಿಗೇನು ಗೊತ್ತು, ಪಾಪ. ನಾನು ಯಾರಿಗೂ ಹೇಳಿರ್ಲಿಲ್ಲ" ಎಂದು ಚಾಕು ಮಡಚಿ ಮೇಜಿನ ಮೇಲಿಟ್ಟಳು.

ಅಂಗಳ ದಾಟುವಾಗ ಮೆಟ್ಟಿಲು ಬಂತು. ರೂಢಿಯಂತೆ ನನ್ನ ಕೈ ಅವಳ ಮೊಣಕೈ ಹಿಡಿಯಿತು. ಅವಳು ಮೆಲ್ಲಗೆ ಬಿಡಿಸಿಕೊಂಡಳು.

"ಬಿಡೇ. ಇವತ್ತಷ್ಟೇ ಗೊತ್ತಾದೋರು ಹೀಗೆ ಹಿಡಿಯಲ್ಲ. ಯಜಮಾನಮ್ಮ ನೋಡ್ತಿರ್ತಾರೆ."

ಕಾಲಿನಿಂದ ಮೆಟ್ಟಿಲು ತಡವುತ್ತ ಒಬ್ಬಳೇ ಇಳಿದಳು. ನಾನು ಮೇಲೆಯೇ ನಿಂತಿದ್ದೆ.