ಕೆಂಪಂಗಿ ತೊಟ್ಟವನು

ಎಮೆಟ್ ತಟ್ಟೆಯಲ್ಲಿದ್ದ ಹಂದಿಮಾಂಸವನ್ನು ಪಕ್ಕಕ್ಕೆ ತಳ್ಳಿದ. ಬಾಯಿರುಚಿ ಕೆಟ್ಟದ್ದು ಮಾಂಸದಿಂದಲ್ಲ, ಕಣ್ಣೆದುರು ನಡೆಯುತ್ತಿದ್ದ ನಾಟಕದಿಂದ. ಸೀಸನ್ ಶುರುವಾಗಲು ವಾರವಿರುವಾಗ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಹುಡುಗರು ತಮ್ಮತಮ್ಮಲ್ಲೇ ಎರಡು ಪಾಲಾಗಿ ಆಡುವ ಆಟ ಅದು. ಅರ್ಧ ಊರು ಬಂದು ಕೂತು, ಬೇಯಿಸಿದ ಕಡಲೆಕಾಯಿ ಬಿಡಿಸುತ್ತ, ಚೆಂಡು ಹಿಡಿದು ಮುನ್ನುಗ್ಗುವ ನಮ್ಮ ಪಡೆಗೆ ಈ ಸಲ ಅಲಬಾಮಾದಲ್ಲೇ ಸಮನಿಲ್ಲ ಎಂದು ಕುಣಿಯುತ್ತಿತ್ತು.

ಸಮನಿಲ್ಲವಂತೆ, ಮಣ್ಣು! ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಅಭ್ಯಾಸದಲ್ಲಿ ಮಾತ್ರ ಕೆಂಪಂಗಿ ತೊಡಿಸುತ್ತಾರೆ, ನಿಜವಾದ ಪಂದ್ಯದಲ್ಲಿ ಅದಿಲ್ಲ. ಕೆಂಪಂಗಿಯವನನ್ನು ಯಾರೂ ಕೆಡವುವಂತಿಲ್ಲ. ಹತ್ತಿರ ಬಂದವನು ಅಲ್ಲೇ ನಿಂತುಬಿಡಬೇಕು. ಹಾಗಾದರೆ ಎಮೆಟ್‌ನ ಸತ್ತ ಅಜ್ಜಿಯೂ ಚೆಂಡೆಸೆದಾಳು. ಇವತ್ತು ಆ ಅಂಗಿಯೊಳಗಿದ್ದವನು ಅವನ ಸ್ವಂತ ಮೊಮ್ಮಗ ಕೋಲ್ಬಿ.

ಆ ಕಾಲೇಜಿನಲ್ಲಿ, ಚೆಂಡೆಸೆಯುವವನ ಮುಂದೆ ಅಡ್ಡ ನಿಲ್ಲುವ ಕಾವಲು ಸಾಲಿನ ಹುಡುಗರನ್ನು ಪಳಗಿಸಿಯೇ ಮುದುಕನಾದ ಎಮೆಟ್ ಚೆಂಡನ್ನು ನೋಡುತ್ತಿರಲಿಲ್ಲ. ಸಾಲಿನ ಎಡತುದಿಯಲ್ಲಿದ್ದ ಟಕರ್‌ನ ಕಾಲು ನೋಡುತ್ತಿದ್ದ. ಎಸೆಯುವವನ ಬೆನ್ನು ಕಾಯಬೇಕಾದವನೇ ಎಡತುದಿಯವನು. ಈ ಪುಣ್ಯಾತ್ಮ ಕಾಲೆತ್ತಿ ಇಡುವಷ್ಟರಲ್ಲಿ ಎದುರಾಳಿ ದಾಟಿ ಬಂದು ಕೋಲ್ಬಿಯ ಬೆನ್ನ ಹಿಂದೆ ನಿಂತಿರುತ್ತಿದ್ದ. ಪ್ರತಿ ಸಲವೂ ಅದೇ ಕಥೆ. ಜನ ಮಾತ್ರ ಚೆಂಡು ಹೋದ ಕಡೆ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಟಕರ್‌ನ ಅಪ್ಪ ಟ್ರ್ಯಾಕ್ಟರ್ ಮಾರುವ ಸಾಹುಕಾರ, ಕಾಲೇಜಿಗೆ ಹೊಸ ವ್ಯಾಯಾಮಶಾಲೆ ಕಟ್ಟಿಸಿಕೊಟ್ಟವನು. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪೋಣ, ಕೋಚ್‌ಗೂ ಮುದ್ದಾದರೆ?

ಆಟ ಮುಗಿದ ಮೇಲೆ ಕೋಚ್ ಪ್ರಿಚೆಟ್ ಬಂದ. ಒಂದು ಕಾಲದಲ್ಲಿ ಎಮೆಟ್‌ನ ಕೈಕೆಳಗೇ ಆಡಿ ಬೆಳೆದವನು. ಪ್ರತಿ ವರ್ಷದಂತೆ ಮಾರನೆಯ ಬೆಳಿಗ್ಗೆ ಊರ ರೇಡಿಯೋದಲ್ಲಿ ತಂಡದ ಬಲಾಬಲ ಹೇಳುವವನು ಎಮೆಟ್; ಎರಡು ಒಳ್ಳೆಯ ಮಾತಾಡಿ ಅಂತ ಬೆಣ್ಣೆ ಹಚ್ಚಲು ಬಂದಿದ್ದ.

"ಆ ಕೆಂಪಂಗಿ ಬಿಚ್ಚಿಸಿ ಒಂದೇ ಒಂದ್ಸಲ ಆಡ್ಸಪ್ಪ, ನೋಡೋಣ," ಎಂದ ಎಮೆಟ್.

"ಹುಡುಗನ ಮೂಳೆ ಮುರಿದ್ರೆ ಏನ್ ಗತಿ ಯಜಮಾನ್ರೇ?"

"ನಮ್ಮ ಹುಡುಗ್ರೇ ಮುರೀತಾರೆ ಅಂತ ಹೆದರ್ತೀಯ. ಮುಂದಿನ ಶನಿವಾರ ಬರೋರು ಅವನಿಗೆ ಮುತ್ತು ಕೊಡೋಕೆ ಬರ್ತಾರಾ?"

ಪ್ರಿಚೆಟ್ ಹಲ್ಲುಕಿರಿದು ಜಾರಿಕೊಂಡ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಕೋಲ್ಬಿ, ರೇಡಿಯೋದಲ್ಲಿ ಬಾಯಿ ಬಿಡಬೇಡ ತಾತ, ನನ್ನ ಜಾಗ ಹೋಗುತ್ತೆ ಎಂದು ಗೋಗರೆದ.

ಬೆಳಿಗ್ಗೆ ರೇಡಿಯೋದಲ್ಲಿ ಎಮೆಟ್ ಹೇಳಿಯೇಬಿಟ್ಟ. ಈ ಪಡೆಯನ್ನು ಹೊಗಳುವುದು ಊರ ಕಣ್ಣಿಗೆ ಮಣ್ಣೆರಚಿದಂತೆ. ಎಡತುದಿಯೆಂದರೆ ಬಾಗಿಲಿಲ್ಲದ ಮನೆ. ಟಕರ್‌ನನ್ನು ಬದಲಿಸದಿದ್ದರೆ ಹಿಂದೆ ನಿಂತ ಹುಡುಗ ಸ್ಟ್ರೆಚರ್ ಮೇಲೆ ಹೊರಗೆ ಬರುತ್ತಾನೆ, ಬರೆದಿಟ್ಟುಕೊಳ್ಳಿ ಎಂದ.

ಮಧ್ಯಾಹ್ನಕ್ಕೆ ಬದಲಾವಣೆ ಆಯಿತು. ಟಕರ್ ಅಲ್ಲಾಡಲಿಲ್ಲ, ಬೆಂಚಿಗೆ ಹೋದವನು ಕೋಲ್ಬಿ. ಪ್ರಿಚೆಟ್ ತಾನೇ ಫೋನ್ ಮಾಡಿದ: "ಭಯ ಬಿದ್ದಿದ್ರಲ್ಲ ಯಜಮಾನ್ರೇ, ನಿಮ್ಮ ಹುಡುಗನ್ನ ಉಳಿಸಿಕೊಟ್ಟಿದೀನಿ. ಸಮಾಧಾನ ಆಯ್ತಾ?"

ಥೂ ಎಂದು ಎಮೆಟ್ ಫೋನ್ ಇಟ್ಟ. ಅಸಹ್ಯವೆಂದರೆ ಸಮಾಧಾನ ಆಗಿಯೇ ಇತ್ತು. ಅಬ್ಬಾ, ಕೋಲ್ಬಿ ಬಚಾವಾದ ಎಂದು ಎದೆ ಹಗುರಾದದ್ದೇ ಮೊದಲು, ಸಿಟ್ಟು ಬಂದದ್ದು ಆಮೇಲೆ. ಪ್ರಿಚೆಟ್‌ನ ಮೇಲೆ ಎಷ್ಟು ಹೇಸಿಗೆಯಾಯಿತೋ ತನ್ನ ಮೇಲೂ ಅಷ್ಟೇ ಆಯಿತು.

ಸಂಜೆ, ಬೈದಾದರೂ ಬರೋಣ ಎಂದು ಮೈದಾನಕ್ಕೆ ಹೋದ. ಬೇಲಿ ದಾಟುವ ಮೊದಲೇ ಒಬ್ಬ ಹುಡುಗ ಓಡಿಬಂದು ಅವನ ಕೈ ಹಿಡಿದುಕೊಂಡ. ಡೆಮೆಟ್ರಿಯಸ್, ಎರಡನೇ ವರ್ಷದವನು, ತಾಯಿ ಪಕ್ಕದೂರಿನ ಕೋಳಿ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಅವನ ಪರವಾಗಿ ರೇಡಿಯೋದಲ್ಲಿ ಬಾಯಿ ಬಿಡುವವರು ಯಾರೂ ಇಲ್ಲ. ಹೊಸ ಕೆಂಪಂಗಿ ಅವನಿಗೆ ತುಸು ದೊಗಳೆಯಾಗಿತ್ತು.

"ನೀವು ಮಾತಾಡ್ದೇ ಇದ್ದಿದ್ರೆ ಈ ಅಂಗಿ ನಂಗೆಲ್ಲಿ ಸಿಗ್ತಿತ್ತು ಸರ್? ನಿಮ್ಮ ಉಪಕಾರ ಮರೆಯಲ್ಲ. ಶನಿವಾರ ಅಮ್ಮ ರಜೆ ಹಾಕಿ ನೋಡೋಕೆ ಬರ್ತಿದಾಳೆ."

ಎಮೆಟ್ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಪ್ರಿಚೆಟ್ ಸೀಟಿ ಊದಿದ. ಹುಡುಗ ಕೈ ಬಿಡಿಸಿಕೊಂಡು ತನ್ನ ಜಾಗಕ್ಕೆ ಓಡಿದ. ಎಡತುದಿಗೆ ಟಕರ್ ನಿಧಾನವಾಗಿ ನಡೆದುಹೋಗಿ ನಿಂತ.